ಒಂಬತ್ತನೆಯ ತಿರುವಿನ ಬಂಡೆ

ಒಂಬತ್ತನೆಯ ತಿರುವಿನಲ್ಲಿ ಚಾಲಕನು ಕಾರನ್ನು ನಿಲ್ಲಿಸಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಇದೇ ಮೊದಲು.

"ಇದೇನಪ್ಪಾ, ಬಂಡೆ ದಾಟಿ ಬಂದುಬಿಟ್ಟೆಯಲ್ಲ!" ಹಿಂದಿನ ಸೀಟಿನಿಂದ ಟೀಚರಮ್ಮನ ಧ್ವನಿ ಬಂದಿತು. "ನಾನು ಬಂದಿರೋದೇ ಅದಕ್ಕೆ. ತಿರುಗಿಸು, ತಿರುಗಿಸು."

"ಅಲ್ಲಿ ಗಾಳಿ ಜಾಸ್ತಿ ಟೀಚರಮ್ಮ, ನಿಲ್ಲೋಕಾಗಲ್ಲ."

"ಹಾರಿಹೋದರೆ ಹಾರಿಹೋಗ್ತೀನಿ. ನೀನು ತಿರುಗಿಸು."

ಅವನು ನಿಟ್ಟುಸಿರಿಟ್ಟು ಕಾರನ್ನು ತಿರುಗಿಸಿದನು. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಕತ್ತು ವಾಲಿಸಿ ನಿದ್ದೆಹೋಗಿದ್ದಳು. ವಸತಿಗೃಹವೊಂದರ ಬಟ್ಟೆಕೋಣೆಯಲ್ಲಿ ದಿನವಿಡೀ ನಿಂತು ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಕೂತಲ್ಲಿ ಕಣ್ಣು ಮುಚ್ಚುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಟೀಚರಮ್ಮ ಎಂಟು ವರ್ಷಗಳ ಹಿಂದೆ ಗಂಡನೊಡನೆ ಇದೇ ಕಾರಿನಲ್ಲಿ ಕರಾವಳಿ ನೋಡಿಹೋಗಿದ್ದರು. ಈ ಸಲ ಒಬ್ಬರೇ ಬರುವುದಾಗಿ ತಿಳಿಸಿ, "ನಿನ್ನ ಹೆಂಡತೀನೂ ಕರಕೊಂಡು ಬಾ, ಆಕೇನ ನೋಡಬೇಕು" ಎಂದು ಫೋನಿನಲ್ಲಿ ಹಟ ಹಿಡಿದಿದ್ದರು. ಏಕೆಂದು ಚಾಲಕನಿಗೆ ಗೊತ್ತಿತ್ತು. ಹೆಂಡತಿಗೆ ಹೇಳುವ ಧೈರ್ಯವಿರಲಿಲ್ಲ. "ವಯಸ್ಸಾದವರು, ಜೊತೆಗೊಂದು ಹೆಣ್ಣುಜೀವ ಇರಲಿ ಅಂದರು" ಎಂದಷ್ಟೇ ಹೇಳಿ ಕರೆತಂದಿದ್ದನು.

ಅವನು ಪ್ರವಾಸಿಗರಿಗೆ ತೋರಿಸುತ್ತಿದ್ದುದು ಮೊದಲ ತಿರುವಿನಲ್ಲಿ ದೀಪಸ್ತಂಭ, ನಾಲ್ಕನೆಯದರಲ್ಲಿ ಪಾಳುಕೋಟೆ, ಏಳನೆಯದರಲ್ಲಿ ಅಲೆ ನುಗ್ಗಿ ಗುಡುಗುವ ಗವಿ; ಒಂದೊಂದಕ್ಕೂ ಹತ್ತು ನಿಮಿಷ, ಒಂದು ಕಥೆ. ಕೊನೆಯದಾದ ಒಂಬತ್ತನೆಯ ತಿರುವಿನಲ್ಲಿ ಮಾತ್ರ ತೋರಿಸಲು ಏನೂ ಇರಲಿಲ್ಲ. ಒಂದು ಚಪ್ಪಟೆ ಬಂಡೆ, ಅದರಾಚೆ ನೀರು. ಅಷ್ಟು ಹೊತ್ತಿಗೆ ಪ್ರಯಾಣಿಕರು ದಣಿದು ಆಕಳಿಸುತ್ತಿದ್ದರು. ಆದ್ದರಿಂದ, ಈ ವೃತ್ತಿಗಿಳಿದ ಮೊದಲ ವರ್ಷವೇ, ಅವನು ಕಥೆ ಕಟ್ಟಿ ಆ ಬಂಡೆಯ ಮೇಲೆ ತನ್ನ ಹೆಂಡತಿಯನ್ನು ಕೂರಿಸಿದನು. ಮದುವೆಗೆ ಮುಂಚೆ ಅವಳು ಅಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಗ ಎಡಗಾಲಿನ ಚಪ್ಪಲಿ ಸಮುದ್ರಕ್ಕೆ ಬಿತ್ತಂತೆ, ಹೊಸ ಜೋಡಿ ತಂದುಕೊಡದೆ ಏಳುವುದಿಲ್ಲವೆಂದು ಸೂರ್ಯ ಮುಳುಗುವವರೆಗೂ ಪಟ್ಟು ಹಿಡಿದಳಂತೆ, ಕೊನೆಗೆ ಅವನು ಅವಳನ್ನು ರಸ್ತೆಯವರೆಗೆ ಹೊತ್ತುತಂದು, "ಹೀಗೇ ಮನೆಗೂ ಬರ್ತೀಯಾ?" ಎಂದು ಕೇಳಿದನಂತೆ. ಆಕಳಿಸುತ್ತಿದ್ದವರು ನಗುತ್ತಿದ್ದರು. ವಾಸ್ತವದಲ್ಲಿ ಅವರ ಮದುವೆ ಅವಳ ಸೋದರಮಾವನ ಹೊಲಿಗೆಯಂಗಡಿಯಲ್ಲಿ, ಹಿರಿಯರ ಸಮ್ಮುಖದಲ್ಲಿ, ಕಾಲು ಗಂಟೆಯೊಳಗೆ ನಿಶ್ಚಯವಾಗಿತ್ತು. ಈ ರಸ್ತೆಯನ್ನು ಅವಳು ಇಂದಿನವರೆಗೆ ಕಂಡೇ ಇರಲಿಲ್ಲ.

"ಬಾರಮ್ಮ ಬಾ, ನಿನ್ನ ಬಂಡೆ ಬಂತು!" ಟೀಚರಮ್ಮ ಅವಳ ಕೈಹಿಡಿದು ಇಳಿಸಿಕೊಂಡರು.

"ನನ್ನ ಬಂಡೆನಾ?" ಅವಳು ಕಣ್ಣುಜ್ಜಿಕೊಂಡಳು.

"ಅಯ್ಯೋ, ಈ ವಯಸ್ಸಲ್ಲೂ ನಾಚಿಕೆ ನೋಡು! ನಮ್ಮೆಜಮಾನರು ಕೊನೇ ಆರು ತಿಂಗಳು ಹಾಸಿಗೇಲೇ ಇದ್ದರು ಕಣಮ್ಮ. ಮಾತು ಕಮ್ಮಿಯಾಗಿತ್ತು. ಎಬ್ಬಿಸಿ ಕೂರಿಸೋಕೆ ಹೋದಾಗೆಲ್ಲ, 'ಹೊಸ ಚಪ್ಪಲಿ ತಂದುಕೊಡು, ಆಮೇಲೆ ಏಳ್ತೀನಿ' ಅನ್ನೋರು. ಇಬ್ಬರೂ ನಗ್ತಿದ್ವಿ. ಆ ಮನೇಲಿ ಆಗ ಇದ್ದ ನಗು ಅದೊಂದೇ." ಅವರು ಅವಳ ಕೈ ಬಿಡದೆ ಕೇಳಿದರು: "ನಿನ್ನ ಬಾಯಿಂದಲೇ ಕೇಳಬೇಕು ಅಂತ ಬಂದೆ. ನಿಜವಾಗಿಯೂ ಇಲ್ಲೇ ಬಿತ್ತಾ, ನಿನ್ನ ಎಡಗಾಲಿನ ಚಪ್ಪಲಿ?"

ಚಾಲಕನು ಟೈರಿನಲ್ಲಿ ಮೊಳೆ ಹುಡುಕುವವನಂತೆ ಬಗ್ಗಿದನು. ಹೆಂಡತಿ ಒಮ್ಮೆ ಅವನ ಬೆನ್ನನ್ನು ನೋಡಿದಳು, ಒಮ್ಮೆ ಟೀಚರಮ್ಮನ ಮುಖವನ್ನು. ಆಮೇಲೆ ಸವೆದ ರಬ್ಬರ್ ಚಪ್ಪಲಿಗಳಲ್ಲಿ ಊದಿಕೊಂಡಿದ್ದ ತನ್ನ ಕಾಲುಗಳನ್ನು ನೋಡಿಕೊಂಡಳು.

"ಬಲಗಾಲಿಂದು, ಅಕ್ಕಾ," ಎಂದಳು.

"ಇವನು ಎಡಗಾಲು ಅಂದಿದ್ದನಲ್ಲ!"

"ಕಾಲು ಯಾರದ್ದಕ್ಕಾ, ಅವರದ್ದಾ ನಂದಾ?"

ಟೀಚರಮ್ಮ ನಕ್ಕರು, ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಅವರನ್ನು ಬಂಡೆಯ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕುಳಿತು ಕಾಲು ಇಳಿಬಿಟ್ಟಳು. ಚಾಲಕನು ದೂರ ನಿಂತು ನೋಡುತ್ತಿದ್ದನು. ಕೈಗಡಿಯಾರದ ಮುಳ್ಳು ಹತ್ತು ನಿಮಿಷ ದಾಟಿದ್ದೇ ತಡ, ಅವನಿಗೇ ಅರಿವಾಗುವ ಮೊದಲು ಅವನ ಬಾಯಿ, "ಹೊರಡೋಣವೇ?" ಎಂದುಬಿಟ್ಟಿತು.

ಟೀಚರಮ್ಮನನ್ನು ಅವರು ತಂಗಿದ್ದ ವಸತಿಗೃಹದಲ್ಲಿ ಇಳಿಸಿ ಗಂಡಹೆಂಡತಿ ಅದೇ ರಸ್ತೆಯಲ್ಲಿ ಮರಳಿದರು.

"ಬೈಯೋದಾದ್ರೆ ಬೈದುಬಿಡು," ಎಂದನು ಅವನು.

"ಬೈಯೋಕೂ ಮೈಯಲ್ಲಿ ತ್ರಾಣ ಬೇಕಲ್ಲ ರೀ." ಅವಳು ಸೀಟಿಗೆ ತಲೆಯಾನಿಸಿದಳು. ಒಂದಷ್ಟು ದೂರ ಸಾಗಿದ ಮೇಲೆ ಕೇಳಿದಳು: "ದಿನಾ ಹೇಳ್ತೀರಾ ಇದನ್ನ?"

"ದಿನಾ."

"ಅದರಲ್ಲಿ ನಾನು ಎಷ್ಟು ಹೊತ್ತು ಕೂತಿರ್ತೀನಿ?"

"ಸೂರ್ಯ ಮುಳುಗೋವರೆಗೂ."

ಒಂಬತ್ತನೆಯ ತಿರುವು ಮತ್ತೆ ಎದುರಾಯಿತು. ಸೂರ್ಯನು ಇನ್ನೂ ನೀರಿನಿಂದ ಒಂದು ಗೇಣು ಮೇಲಿದ್ದನು. ಅವಳು ಚಪ್ಪಲಿ ಕಳಚಿ, ಕಾಲುಗಳನ್ನು ನೀವಿಕೊಳ್ಳುತ್ತ ಕಿಟಕಿಯಾಚೆ ನೋಡಿದಳು.

"ಇವತ್ತು ಹತ್ತೇ ನಿಮಿಷಕ್ಕೆ ಎಬ್ಬಿಸಿಬಿಟ್ಟಿರಿ," ಎಂದಳು.