ಅಕ್ಕಿಯ ಮೇಲಿನ ಬೂದಿಗೆರೆ

ಗೆರೆ ಇವತ್ತೂ ಇರಲಿಲ್ಲ.

ಯಶೋದಮ್ಮ ಡ್ರಮ್ಮಿನೊಳಕ್ಕೆ ತಲೆ ಬಗ್ಗಿಸಿ, ಪೊರೆ ಕಟ್ಟಿದ ಕಣ್ಣು ಕಿರಿದು ಮಾಡಿ ಮತ್ತೊಂದು ಸಲ ನೋಡಿದಳು. ಬೆಳಿಗ್ಗೆ ಅಡಿಗೆಗೆಂದು ಪಾವಿನಲ್ಲಿ ಅಕ್ಕಿ ಅಳೆದು ಸೊಸೆಯ ಮೊರಕ್ಕೆ ಸುರಿದಿದ್ದಳು. ಸೊಸೆ ಆಚೆ ಹೋದ ಮೇಲೆ ಡ್ರಮ್ಮಿನಲ್ಲಿ ಉಳಿದದ್ದನ್ನು ಅಂಗೈಯಲ್ಲಿ ಮಟ್ಟ ಮಾಡಿ, ಒಲೆಬೂದಿಯಿಂದ ಒಂದು ಗೆರೆ ಎಳೆದು ಮುಚ್ಚಳ ಹಾಕಿದ್ದಳು. ಕಣದ ರಾಶಿಗೆ ಹಿಂದಿನವರು ಹಾಗೇ ಗುರುತು ಹಾಕುತ್ತಿದ್ದರು. ಗೆರೆ ಕೆಟ್ಟಿತೆಂದರೆ ಕೈ ಬಿದ್ದಿದೆ ಎಂದೇ ಅರ್ಥ. ಈಗ ಕತ್ತಲೆ ಮೂಲೆಯ ಡ್ರಮ್ಮಿನಲ್ಲಿ ಬರೀ ಅಕ್ಕಿ. ಬೂದಿಯ ಸುಳಿವೇ ಇಲ್ಲ.

ವಾರದಿಂದ ಹೀಗೇ.

ಗಾವಡಗೆರೆಯಲ್ಲಿ ಯಶೋದಮ್ಮನ ಹಾಗೆ ಸಂಸಾರ ತೂಗಿಸುವವರಿಲ್ಲ ಎಂಬ ಮಾತಿತ್ತು. ಮಗ ಶಿವಶಂಕರ ಹುಣಸೂರಿನ ಮಂಡಿಯಲ್ಲಿ ಮೂಟೆ ಹೊರುವವನು. ಸುಗ್ಗಿಯಲ್ಲಿ ದರ ಇಳಿದ ಕೂಡಲೇ ಅವಳೇ ಬಸ್ಸು ಹತ್ತಿ ಹೋಗಿ, ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಕಾಯಿ ಎಲ್ಲವನ್ನೂ ವರ್ಷಕ್ಕಾಗುವಷ್ಟು ಸಗಟಿನಲ್ಲಿ ಕಟ್ಟಿಸಿ ತರುತ್ತಿದ್ದಳು. ಬೇಳೆಗೆ ಹರಳೆಣ್ಣೆ ಸವರಿ, ಅಕ್ಕಿಗೆ ಬೇವಿನೆಲೆ ಸೇರಿಸಿ ತುಂಬಿಟ್ಟರೆ ಮುಂದಿನ ಸಂಕ್ರಾಂತಿವರೆಗೂ ಯಾವ ಅಂಗಡಿಯ ಹಂಗೂ ಇಲ್ಲ. "ಪೊಟ್ಟಣದಲ್ಲಿ ತರೋರು ಕಾಗದಕ್ಕೂ ಕಾಸು ಕೊಡ್ತಾರೆ ಕಣೆ" ಎಂದು ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ಬುದ್ಧಿ ಹೇಳುತ್ತಿದ್ದಳು.

ಹೋದ ವರ್ಷ ಮಾತ್ರ ಲೆಕ್ಕ ತಪ್ಪಿತು. ಕಾರ್ತಿಕದಲ್ಲೇ ಡ್ರಮ್ಮಿನ ತಳ ಕಂಡಿತು. ಚೀಲ ಹಿಡಿದು ಲಿಂಗಣ್ಣನ ಅಂಗಡಿ ಮುಂದೆ ನಿಲ್ಲಬೇಕಾಯಿತು.

"ಏನ್ ಯಶೋದಮ್ಮ, ಮಂಡಿ ಸಾವ್ಕಾರ್ತಿ ಚಿಲ್ರೆಗೆ ಬಂದ್ಬುಟ್ರಲ್ಲ!" ಎಂದ ಲಿಂಗಣ್ಣ. ಜಗಲಿ ಮೇಲಿದ್ದವರೆಲ್ಲ ನಕ್ಕರು.

ಮನೆಗೆ ಬಂದವಳೇ ಚೀಲ ಕುಕ್ಕಿ, ಮದುವೆಯಾಗಿ ವರ್ಷ ತುಂಬದ ಸೊಸೆ ಪ್ರಮೀಳಾಗೆ ಕೇಳುವ ಹಾಗೆ ಅಂದಳು: "ಹೊಸ ಬಾಯಿ ಬಂತು, ಮೂಟೆ ಕರಗ್ತು."

ತಟ್ಟೆ ಮುಂದೆ ಕೂತಿದ್ದ ಪ್ರಮೀಳಾ ಎದ್ದು ಹೋಗಿ ಕೈ ತೊಳೆದುಕೊಂಡಳು.

ಆ ನಗು ಯಶೋದಮ್ಮನ ಕಿವಿಯಿಂದ ಹೋಗಿರಲಿಲ್ಲ. ಈ ಸಲವೂ ಹಾಗಾದರೆ ಊರಲ್ಲಿ ತಲೆಯೆತ್ತುವಂತಿಲ್ಲ. ಹೊಗೆಸೊಪ್ಪು ಕೋಲಿಗೆ ಕಟ್ಟುವ ಕೂಲಿಗೆ ಹೋದಾಗಲೂ ಮನಸ್ಸೆಲ್ಲ ಡ್ರಮ್ಮಿನ ಮೇಲೇ. ಇವತ್ತು ಮಧ್ಯಾಹ್ನಕ್ಕೇ ಕೆಲಸ ಬಿಟ್ಟು ಬಂದದ್ದೂ ಅದಕ್ಕೇ.

ಭಾನುವಾರ, ಮಂಡಿಗೆ ರಜ. ಮಗ ಜಗಲಿಯಲ್ಲಿ ಒರಗಿದ್ದ. ಅವನನ್ನು ಪಕ್ಕಕ್ಕೆ ಕರೆದಳು.

"ಮನೆ ಒಳಗೇ ಕಳ್ಳಿ ಇದ್ದಾಳೆ ಕಣ್ಲಾ."

"ಸುಮ್ನಿರವ್ವ. ಅವಳು ಸರಿಯಾಗಿ ಉಣ್ಣೋದನ್ನೇ ನಾ ನೋಡಿಲ್ಲ."

"ಅದೇ ನಾನೂ ಹೇಳೋದು. ಉಂಡಿದ್ರೆ ಮೈಗೆ ಹತ್ತೋದು. ಬಳೆ ನೋಡು, ಮೊಣಕೈಗೆ ಜಾರ್ತಾವೆ. ಅಕ್ಕಿ ಹನಗೋಡಿಗೆ, ಅವಳವ್ವನ ಮನೆಗೆ ಹೋಯ್ತಾ ಅದೆ. ಅವಳ ತಮ್ಮ ವಸಂತ್ ಬಂದಿದ್ನಲ್ಲ, ಸೊಪ್ಪು ತುಂಬ್ಕೊಂಡು ಬಂದ ಚೀಲದಾಗೆ ಹೋಗುವಾಗ ಏನಿತ್ತು, ನೋಡಿದ್ಯಾ?"

ಶಿವಶಂಕರ ನೋಡಿರಲಿಲ್ಲ.

ಒಳಗೆ ಪ್ರಮೀಳಾ ಗೋಡೆಗೆ ಒರಗಿ ಅನ್ನ ಬಸಿಯುತ್ತಿದ್ದಳು. ಯಶೋದಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಡ್ರಮ್ಮಿಗೆ ಕೈ ಹಾಕಿದ್ಯೇನೆ?"

ಪ್ರಮೀಳಾ ಬೆಚ್ಚಿದಳು. ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಇಲ್ಲ ಅನ್ನಲಿಲ್ಲ.

"ಅಕ್ಕಿ ಸಂಕ್ರಾಂತಿ ಮುಟ್ಟುತ್ತೆ ಬುಡಿ ಅತ್ತೆ" ಎಂದಳು ಮೆಲ್ಲಗೆ.

"ನೋಡ್ದಾ ಸೊಕ್ಕ! ಕದಿಯೋದೂ ಅಲ್ದೆ ನಂಗೇ ಸಮಾಧಾನ ಹೇಳ್ತಾಳೆ. ಶಿವ, ಇವಳನ್ನ ಅವರವ್ವನ ಮನೇಲಿ ಬುಟ್ಟು ಬಾ. ಇವಳಿರೋ ಮನೇಲಿ ನಾ ನೀರೂ ಮುಟ್ಟಲ್ಲ."

ಪ್ರಮೀಳಾ ಗಂಜಿಯ ಪಾತ್ರೆ ಕೆಳಗಿಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಶಿವಶಂಕರ ಅಷ್ಟರಲ್ಲಿ ಅಂಗಿ ತೊಟ್ಟುಕೊಂಡಿದ್ದ.

ಅವರು ಹೋದ ಮೇಲೆ ಯಶೋದಮ್ಮ ಒಲೆ ಆರಿಸಿದಳು. ಬೇಯಿಸಿಟ್ಟಿದ್ದನ್ನು ಮುಟ್ಟಲಿಲ್ಲ.

ಹೊತ್ತು ಮುಳುಗುವಾಗ ಲಿಂಗಣ್ಣ ಓಡುತ್ತ ಬಂದ. ಊರಿಗೆಲ್ಲ ಫೋನ್ ಇದ್ದದ್ದು ಅವನ ಅಂಗಡಿಯಲ್ಲೇ.

"ಶಿವ ಫೋನ್ ಮಾಡಿದ್ದ ಯಶೋದಮ್ಮ. ಸೊಸೆ ಹುಣಸೂರು ಬಸ್ ಸ್ಟ್ಯಾಂಡಲ್ಲಿ ಬಿದ್ದೋದ್ಲಂತೆ. ಆಸ್ಪತ್ರೆಗೆ ಸೇರಿಸಿದ್ರಂತೆ, ಉಳೀಲಿಲ್ವಂತೆ. ಮೈಯಾಗೆ ರಕ್ತವೇ ಇರ್ನಿಲ್ಲ ಅಂದ್ರಂತೆ ಡಾಕ್ಟ್ರು."

ಅವಳು ಒಂದು ಮಾತು ಒಪ್ಪಿಕೊಂಡಿದ್ದರೆ ಬೈದು ಸುಮ್ಮನಾಗುತ್ತಿದ್ದೆನಲ್ಲ ಎಂದು ಯಶೋದಮ್ಮನಿಗೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಹೆಣ ಬಂತು. ಅರಿಶಿನ ಹಚ್ಚಿ ಜಗಲಿಗೆ ಒರಗಿಸಿ ಕೂರಿಸಿದರು. ಹನಗೋಡಿನವರ ಅಳು ಬೀದಿ ತುಂಬಿತ್ತು. ಹೋದವರ ಬಾಯಿಗೆ ನಂಟರೆಲ್ಲ ನಾಲ್ಕು ಕಾಳು ಅಕ್ಕಿ ಹಾಕಿ ಕಳಿಸಬೇಕು. ಪುಟ್ಟತಾಯಮ್ಮ ಹತ್ತಿರ ಬಂದು ಭುಜ ಮುಟ್ಟಿದಳು.

"ಯಶೋದಕ್ಕ, ಬಾಯಿಗಕ್ಕಿ ಹಾಕ್ಬೇಕು. ಒಂದು ಹಿಡಿ ತಾ."

ನಿನ್ನೆ ಮಧ್ಯಾಹ್ನದಿಂದ ಡ್ರಮ್ಮನ್ನು ಯಾರೂ ಮುಟ್ಟಿರಲಿಲ್ಲ. ಯಶೋದಮ್ಮ ಮುಚ್ಚಳ ತೆಗೆದಳು. ಪುಟ್ಟತಾಯಮ್ಮ ಹಿಂದಿನಿಂದ ದೀಪ ಹಿಡಿದಳು. ದಿನವೂ ಆಳಕ್ಕೆ ಇಳಿಯುತ್ತಿದ್ದ ಪಾವಿನ ಕಡೆ ಇವತ್ತು ಕೈ ಹೋಗಲಿಲ್ಲ. ಬರಿಗೈಯಲ್ಲೇ, ಮೇಲ್ಮೇಲಿನಿಂದ, ಒಂದು ಹಿಡಿ ಬಳಿದುಕೊಂಡಳು.

ಅದರಡಿ, ನಿನ್ನೆ ಬೆಳಿಗ್ಗೆ ತಾನೇ ಎಳೆದ ಬೂದಿಗೆರೆ ಎಳ್ಳಷ್ಟೂ ಕದಡದೆ ಹಾಗೇ ಇತ್ತು. ಅದರ ಮೇಲೆ ಒಬ್ಬರು ಉಣ್ಣುವಷ್ಟು ಅಕ್ಕಿ ಮೊರದಿಂದ ವಾಪಸು ಬಿದ್ದಿತ್ತು, ಅಷ್ಟೆ.