ಆನ್ಸೆಲ್ಮ್ ಎಡವಿದ್ದು

"ಇವನು ಎಡವುವುದು ನಿಲ್ಬೇಕು ರಾಕೇಶ್. ಇಲ್ಲಾಂದ್ರೆ ನಾಳೆ ಶೋಗೆ ನಾನಿಲ್ಲ. ಖಲಾಸ್!"

ಟೆರೆನ್ಸ್ ತನ್ನ ಕೆಂಪು ಮೂಗನ್ನು ಕಿತ್ತು ಮ್ಯಾನೇಜರ್ ರಾಕೇಶನ ಮೇಜಿನ ಮೇಲೆ ಕುಕ್ಕಿದ. ರಬ್ಬರಿನ ಮೂಗು ಪುಟಿದು ಕೆಳಗುರುಳಿತು. ಇಂಡಸ್ಟ್ರಿಯಲ್ ಏರಿಯಾದ ಆ ತಾಲೀಮು ಗೋದಾಮಿನಲ್ಲಿ ಮೂವರೇ ಇದ್ದರು; ಯಾರಿಗೂ ನಗು ಬರಲಿಲ್ಲ. ಆನ್ಸೆಲ್ಮ್ ಟ್ರಂಕಿನ ಮೇಲೆ ಕೂತು ತನ್ನ ಮೊಳದುದ್ದದ ಜೋಕರ್ ಬೂಟಿನ ದಾರ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

ಇಬ್ಬರದೂ ಹದಿನೈದು ವರ್ಷದ ಜೋಡಿ. ಊರಿನ ಟೆಂಟ್ ಸರ್ಕಸ್ಸಿನಲ್ಲಿ ಶುರುವಾದದ್ದು, ಈಗ ದೋಹಾದ ಮಾಲ್‌ಗಳಲ್ಲಿ, ಅಲ್ ಗರಾಫಾದ ವಿಲ್ಲಾಗಳ ಬರ್ತ್‌ಡೇಗಳಲ್ಲಿ ನಡೆಯುತ್ತಿತ್ತು. ಟೆರೆನ್ಸ್ ಮುಂದೆ ಗತ್ತಿನಿಂದ ನಡೆಯಬೇಕು, ಆನ್ಸೆಲ್ಮ್ ಹಿಂದಿನಿಂದ ಅವನನ್ನು ಅಣಕಿಸುತ್ತ ಬರಬೇಕು. ಆದರೆ ಮೂರು ತಿಂಗಳಿಂದ ಟೆರೆನ್ಸ್ ಬಾಯಿ ತೆರೆಯುವ ಮೊದಲೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಹಿಂತಿರುಗಿ ನೋಡಿದರೆ ಆನ್ಸೆಲ್ಮ್ ಎಡವಿ ಸಾವರಿಸಿಕೊಳ್ಳುತ್ತಿರುತ್ತಿದ್ದ. ಕೇಳದೆ, ಹೇಳದೆ ಸೇರಿಸಿದ ಎಡವು! ಹೊಟ್ಟೆಕಿಚ್ಚಿಗೆ ಮದ್ದಿಲ್ಲ, ಅದರಲ್ಲೂ ನಗಿಸುವವನ ಹೊಟ್ಟೆಕಿಚ್ಚಿಗೆ.

ರಾಕೇಶ್ ಮೈಸೂರಿನವನು, ಜಗಳ ಅವನಿಗೆ ಆಗಿಬರದು. "ವಿಡಿಯೋ ಇದೆಯಲ್ಲ, ನೋಡೇ ಬಿಡೋಣ ಬನ್ನಿ," ಎಂದು ಫೋನಿನಲ್ಲಿ ಕಳೆದ ಶುಕ್ರವಾರದ ಶೋ ಹಾಕಿದ. ಪರದೆ ಸರಿಯಿತು. ಟೆರೆನ್ಸ್ ಗತ್ತಿನಿಂದ ಬಂದ. ನಾಲ್ಕನೇ ಹೆಜ್ಜೆಗೆ ಅವನ ಎಡಗಾಲಿನ ತುದಿ ನೆಲಕ್ಕೆ ಉಜ್ಜಿ, ಮೈ ಮುಂದಕ್ಕೆ ಮುಗ್ಗರಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿದ್ದ ಆನ್ಸೆಲ್ಮ್ ಥೇಟ್ ಹಾಗೆಯೇ ಮುಗ್ಗರಿಸಿದ. ಜನ ಹೋ ಎಂದು ನಕ್ಕರು.

"ನಿಲ್ಸಿ. ಇನ್ನೊಮ್ಮೆ ಹಾಕಿ," ಎಂದು ಟೆರೆನ್ಸ್ ಫೋನಿನ ಮೇಲೆ ಬಾಗಿದ.

ಇನ್ನೊಮ್ಮೆಯೂ ಅದೇ. ಮೊದಲು ಟೆರೆನ್ಸ್, ಆಮೇಲೆ ಆನ್ಸೆಲ್ಮ್.

"ಅಲ್ಲಿ ಕಾರ್ಪೆಟ್ ಎದ್ದಿತ್ತು ಕಾಣ್ತದೆ," ಎಂದ ಟೆರೆನ್ಸ್. ರಾಕೇಶ್ ಫೆಬ್ರುವರಿಯ ವಿಡಿಯೋ ತೆಗೆದ. ಜನವರಿಯದನ್ನು ತೆಗೆದ. ಕಾರ್ಪೆಟ್ ಎಲ್ಲೂ ಇರಲಿಲ್ಲ. ಎಲ್ಲದರಲ್ಲೂ ಅದೇ ಎಡಗಾಲು, ಅದೇ ಮುಗ್ಗರಿಕೆ.

"ನಾನು ಎಡವಲೇ ಇಲ್ಲ!" ಎಂದು ಟೆರೆನ್ಸ್ ಫೋನಿಗೇ ಹೇಳಿದ. ದಾರಿಹೋಕರ ನಡಿಗೆ ನೋಡಿಯೇ ಅವರ ಊರು, ವಯಸ್ಸು, ಸೊಂಟನೋವು ಹೇಳಬಲ್ಲವನಿಗೆ ತನ್ನ ಕಾಲಿನ ಸುದ್ದಿಯೇ ಮುಟ್ಟಿರಲಿಲ್ಲ.

ಆನ್ಸೆಲ್ಮ್ ಕೊನೆಗೂ ಬಾಯಿಬಿಟ್ಟ. "ಮೊದಲ ದಿನ ನೀನು ಒಬ್ಬನೇ ಎಡವಿದ್ದು, ಟೆರಿ. ಜನ ನಗಲಿಲ್ಲ. ಅಯ್ಯೋ ಅಂದ್ರು. ಮರುದಿನದಿಂದ ನಾನೂ ಎಡವಿದೆ. ಒಬ್ಬ ಎಡವಿದ್ರೆ ಅಯ್ಯೋ, ಇಬ್ಬರು ಎಡವಿದ್ರೆ ಅದು ಐಟಂ."

"ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನಿನ್ನ ಆಶ್ಲಿಗೆ ಹತ್ತನೇ ಪರೀಕ್ಷೆ ಅಲ್ವಾ? ಡಾಕ್ಟ್ರು ಕಾಲು ನೋಡಿ ಇನ್ನು ಶೋ ಆಗೂದಿಲ್ಲ ಅಂದ್ರೆ ನಿನ್ನ ಕೆಲಸ ಹೋಗ್ತದೆ, ಹಿಂದೆಯೇ ವೀಸಾ. ಮಗಳ ಕೊನೆ ಪೇಪರ್ ನಾಡಿದ್ದು. ಅಷ್ಟು ದಿನ ದೂಡುವ ಅಂತ ನೋಡಿದೆ."

ರಾಕೇಶ್ ಫೋನನ್ನು ಕವುಚಿಟ್ಟ. ಕೆಲಸ ಹೋಗುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ.

ಆಗ ಟೆರೆನ್ಸನಿಗೆ ಇನ್ನೊಂದು ಹೊಳೆಯಿತು. ಪ್ರತಿ ಶೋದ ಕೊನೆಗೂ ಆನ್ಸೆಲ್ಮ್ ಅವನ ಹೆಗಲ ಮೇಲೆ ನಿಂತು ಐದು ಚೆಂಡು ಆಡಿಸುತ್ತಾನೆ. ಕೆಳಗೆ ಬಲೆಯಿಲ್ಲ, ಹಾಸಿಗೆಯಿಲ್ಲ, ಮಾಲಿನ ಕಲ್ಲುನೆಲ. "ಈ ಕಾಲು ಹೀಗುಂಟು ಅಂತ ಗೊತ್ತಿದ್ದೂ ನನ್ನ ಹೆಗಲು ಹತ್ತಿದ್ದಾ ನೀನು? ಮೂರು ತಿಂಗಳು?"

"ಹತ್ತದಿದ್ರೆ ನಿಂಗೆ ಸಂಶಯ ಬರ್ತಿತ್ತು."

ಟೆರೆನ್ಸ್ ಕೆಳಗುರುಳಿದ್ದ ಮೂಗನ್ನು ಹೆಕ್ಕಿ ಜೇಬಿಗೆ ಹಾಕಿದ. ಆಮೇಲೆ, "ನಾನು ಹೇಗೆ ನಡೀತೇನೆ? ತೋರಿಸು," ಎಂದ.

"ಬೇಡ ಮಾರಾಯ."

"ತೋರಿಸು ಅಂದೆ."

ಆನ್ಸೆಲ್ಮ್ ಎದ್ದು ಗೋದಾಮಿನ ಆ ಗೋಡೆಯವರೆಗೆ ನಡೆದ. ಎಡಗಾಲಿನ ತುದಿ ಒಮ್ಮೆ ಮಾತ್ರ ನೆಲ ಸವರಿತು. "ಇದು ಡಿಸೆಂಬರ್," ಎಂದ. ತಿರುಗಿ ಬಂದ, ಈ ಸಲ ಮೂರು ಬಾರಿ ಸವರಿತು. "ಇದು ಜನವರಿ." ಮತ್ತೆ ಹೊರಟ. ಮಂಡಿಯನ್ನು ಹೊಟ್ಟೆಯ ತನಕ ಎತ್ತುವುದು, ಜೋತುಬಿದ್ದ ಪಾದವನ್ನು ಪಟಾರೆಂದು ನೆಲಕ್ಕೆ ಬಡಿಯುವುದು. ಸೊಂಟ ಒಂದು ಕಡೆ, ಗತ್ತು ಇನ್ನೊಂದು ಕಡೆ. "ಇದು ನಿನ್ನೆಯದ್ದು."

ಟೆರೆನ್ಸನಿಗೆ ನಗು ಬಂದೇಬಿಟ್ಟಿತು. ಅಷ್ಟು ಚೆನ್ನಾಗಿ ಮಾಡಿದ್ದ ಪುಣ್ಯಾತ್ಮ. ತನ್ನ ನಗು ತನ್ನ ಕಿವಿಗೇ ಬಿದ್ದ ಕೂಡಲೇ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ರಾಕೇಶ್ ಗೋಡೆಯ ಕಡೆ ತಿರುಗಿ ನಿಂತಿದ್ದ.

"ಬರುವ ತಿಂಗಳದ್ದು?" ಎಂದು ಟೆರೆನ್ಸ್ ಕೇಳಿದ. "ಅದನ್ನೂ ತೋರಿಸು."

ಆನ್ಸೆಲ್ಮ್ ನೆಲದ ನಡುವೆ ಕಾಲು ಜೋಡಿಸಿ ನಿಂತುಬಿಟ್ಟ.

"ಅದು ನಂಗೆ ಹೇಗೆ ಗೊತ್ತಾಗ್ಬೇಕು, ಟೆರಿ? ಮೊದಲು ನೀನು ನಡೀಬೇಕು. ನಾನು ಹಿಂದಿನವನಲ್ವಾ?"