ಊಟದ ಕೈ ಕಡೆ

ಕಾರಿನ ಸ್ಪೀಕರುಗಳು ಒಳಗೆ ಕೂತವರ ಮಾತನ್ನು ಹೀರಿಟ್ಟುಕೊಂಡು, ಆಗಾಗ ತಾವಾಗಿಯೇ ಹೊರಗೆ ಬಿಡುತ್ತವೆ. ಚನ್ನವೀರ ತೀರಿಕೊಂಡ ವರ್ಷಕ್ಕೆ ಹಳೆಯ ಸ್ಪೀಕರು ಹರಿದು, ಅವನ ದನಿ ಗೊರಗೊರ ಎನ್ನತೊಡಗಿತು. ಹೆಂಡತಿ ವಿನುತಾ ಕಾರನ್ನು ಹುಬ್ಬಳ್ಳಿಯ ದಸ್ತಗೀರನ ಅಂಗಡಿಗೆ ತಂದಳು.

"ಹೊಸಾದಕ್ಕ ಒಂದ ಮಾತು ದಾಟ್ಸಾಕ ಬರತೈತ್ರಿ ಅಕ್ಕಾರ. ಯಾವ್ದು ಉಳಸ್ಲಿ?"

ಅವಳು ಒಂದೊಂದನ್ನೂ ಕೇಳಿದಳು. ಅವಳಿಗೆ ಕಾರು ಕಲಿಸುವಾಗ ಎಡ ಬಲ ಅದಲುಬದಲು ಹೇಳುತ್ತಿದ್ದ ಚನ್ನವೀರ ಕೊನೆಗೆ ಕಂಡುಕೊಂಡ ಮಾತು ಬಂದಾಗ ಕೈ ಎತ್ತಿದಳು. "ಇದು."

ದಸ್ತಗೀರ ನಕ್ಕ. "ಎಲ್ಲಾರೂ ಪ್ರೀತಿ ಮಾತು ಇಟ್ಕೋತಾರ್ರೀ."

"ನಮ್ಮನ್ಯಾಗ ಇದಕ್ಕ ಪ್ರೀತಿ ಅಂತಾರ."

ಅಂಗಡಿಯಿಂದ ಎಡಕ್ಕೆ ತಿರುಗಿದರೆ ಮನೆ. ಬಲಕ್ಕೆ ಹೋದರೆ ಅವಳು ಪಾಠ ಹೇಳುತ್ತಿದ್ದ ಕಾಲೇಜು. ವರ್ಷದಿಂದ ಆ ಕಡೆ ಹಾಯ್ದಿರಲಿಲ್ಲ. ರೂಢಿಯಂತೆ ಎಡಕ್ಕೆ ಇಂಡಿಕೇಟರ್ ಹಾಕಿದಳು.

ಹೊಸ ಸ್ಪೀಕರಿನಿಂದ, ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಚನ್ನವೀರನ ದನಿ ಬಂತು: "ಏ ಹುಚ್ಚಿ, ಆ ಕಡೆ ಅಲ್ಲ! ಊಟದ ಕೈ ಕಡೆ ಹೊಳ್ಳಸು."

ವಿನುತಾ ತನ್ನ ಬಲಗೈ ನೋಡಿಕೊಂಡಳು.

"ಆತು, ಹೊಳ್ಳಸ್ತೀನಿ," ಎಂದು ಇಂಡಿಕೇಟರ್ ಬದಲಿಸಿದಳು.

ಹೊಸ ಸ್ಪೀಕರು ಹೀರಿಕೊಂಡ ಮೊದಲ ಮಾತು ಅದೇ.